ವಾರದ ಹಾಳೆಗೆ ಬಿದ್ದ ಕೆಂಪು ಗೀಟು

ಮಕ್ಕಳೆಲ್ಲ ಗೇಟು ದಾಟಿ ಗಂಟೆಯ ಮೇಲಾಗಿತ್ತು. ಆಫೀಸ್ ಮಿಸ್ ಇನ್ನೇನು ಬೀರುವಿಗೆ ಬೀಗ ಹಾಕಬೇಕು, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಎರಡನೇ ತರಗತಿಯ ಹುಡುಗಿಯೊಬ್ಬಳ ತಂದೆ. ದೊಡ್ಡ ಸಿಸ್ಟರ್ ಅವರನ್ನು ಮಣ್ಣು ಮಾಡುವುದು ಯಾವತ್ತು, ಹೂವು ಚರ್ಚಿಗೆ ತರಬೇಕೋ ಕಾನ್ವೆಂಟಿಗೋ ಎಂದು ಕೇಳಿದರು. ತನಗೂ ಅ ಆ ತಿದ್ದಿಸಿದ್ದು ಅವರೇ ಎಂದರು.

ಮಿಸ್ ಬೀಗದ ಕೈ ಕೆಳಗಿಟ್ಟಳು. "ಯಾರು ಹೇಳಿದ್ರು ಸರ್ ನಿಮಗೆ?"

"ನೀವೇ ಹೇಳಿದ್ದೀರಲ್ಲಮ್ಮ, ವಾರದ ಹಾಳೆಯಲ್ಲಿ."

ವಾರದ ಹಾಳೆ ಎಂದರೆ ಶಾಲೆಯಿಂದ ಪ್ರತಿ ಶುಕ್ರವಾರ ಮಕ್ಕಳ ಬ್ಯಾಗಿನಲ್ಲಿ ಮನೆಗೆ ಹೋಗುವ ಒಂದೇ ಒಂದು ಪುಟ. ಎರಡನೇ ಪುಟ ಕೇಳಿದರೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್, ಕಾಗದವೇನು ಮರದಲ್ಲಿ ಬಿಡುತ್ತದೆಯೇ ಎಂದು ಗದರುತ್ತಾರೆ. ಬಿಡುವುದು ಅಲ್ಲೇ ಅಲ್ಲವೇ ಎನ್ನುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ. ಮೇಲೆ ವಾರದ ಸುದ್ದಿ, ನಡುವೆ ಮುಂದಿನ ಕಾರ್ಯಕ್ರಮಗಳು, ಕೆಳಗೆ ಪ್ರಾರ್ಥನೆ: ಮೊದಲು 'ನಮ್ಮನ್ನು ಅಗಲಿದವರಿಗಾಗಿ', ಆಮೇಲೆ 'ಕಾಯಿಲೆಯಲ್ಲಿರುವವರಿಗಾಗಿ'. ಈ ಸಲ ಕೊನೇ ಗಳಿಗೆಯಲ್ಲಿ ಡ್ರಿಲ್ ಮಾಸ್ತರರು ಬಂದು, ಓಟದ ಸ್ಪರ್ಧೆಗೆ ಬಿಳಿ ಶೂ ಕಡ್ಡಾಯ ಎಂದು ಸೇರಿಸಲೇಬೇಕೆಂದು ಪಟ್ಟು ಹಿಡಿದರು. ಸೇರಿಸಿದರೆ ಪುಟ ಒಂದು ಸಾಲು ಉಕ್ಕಿತು. ಹೆಸರು ತೆಗೆದರೆ ಯಾರಿಗಾದರೂ ಬೇಜಾರು, ತಲೆಬರಹ ತೆಗೆದರೆ ಯಾರಿಗೇನು ಎಂದುಕೊಂಡು ಮಿಸ್ 'ಕಾಯಿಲೆಯಲ್ಲಿರುವವರಿಗಾಗಿ' ಎಂಬುದನ್ನು ಅಳಿಸಿದ್ದಳು. ಅದರ ಕೆಳಗಿದ್ದದ್ದು ಒಂದೇ ಹೆಸರು. ದೊಡ್ಡ ಸಿಸ್ಟರ್ ಸದ್ದಿಲ್ಲದೆ ಮೇಲಿನವರ ಗುಂಪಿಗೆ ಸೇರಿಹೋಗಿದ್ದರು.

ಊರಿನವರಿಗೆ ತಿದ್ದುಪಡಿ ಹೇಳಬಹುದು. ಆದರೆ ಒಂದು ಪ್ರತಿ ದೊಡ್ಡ ಸಿಸ್ಟರ್ ಕೈಗೇ ಹೋಗುತ್ತದೆ. ಹಿಂದೆ ಇದೇ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಿವೃತ್ತಿಯಾಗಿ ಶಾಲೆಯ ಹಿಂಬದಿಯ ಕಾನ್ವೆಂಟಿನಲ್ಲಿ, ಎಂದರೆ ಸಿಸ್ಟರುಗಳ ಮನೆಯಲ್ಲಿ, ಕೂತ ಮೇಲೂ ಹಾಳೆಯನ್ನು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ ಸೋಮವಾರ ವಾಪಸು ಕಳಿಸುತ್ತಿದ್ದರು. ಇವರ ಪರೀಕ್ಷೆ ಇನ್ನೂ ಮುಗಿದಿಲ್ಲವಲ್ಲಪ್ಪಾ ಎಂದು ಮಿಸ್ ಒಳಗೊಳಗೇ ಗೊಣಗುತ್ತಿದ್ದಳು. ಹೃದಯದ ಕಾಯಿಲೆ ಬಂದು ಅವರು ಹಾಸಿಗೆ ಹಿಡಿದಾಗಿನಿಂದ ಹಾಳೆ ಬಿಳಿಯಾಗಿಯೇ ಹಿಂದೆ ಬರುತ್ತಿತ್ತು. ಆ ಬಿಳಿ ಹಾಳೆಯಲ್ಲಿ ಮಿಸ್ ಒಂದಾದರೂ ಕೆಂಪು ಗೀಟಿಗಾಗಿ ಹುಡುಕುತ್ತಿದ್ದಳು. ಮನಸ್ಸಿಗೆ ಆಘಾತವಾಗುವಂಥ ಯಾವ ಮಾತನ್ನೂ ಅವರ ಕಿವಿಗೆ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು. ಇವತ್ತಿನ ಹಾಳೆಯನ್ನು ಮಧ್ಯಾಹ್ನವೇ ಕಾನ್ವೆಂಟಿನ ಅಡುಗೆಯವರ ಕೈಗೆ ಇವಳೇ ನಗುನಗುತ್ತ ಕೊಟ್ಟು ಕಳಿಸಿದ್ದಳು.

ವಿಷಯ ಕೇಳಿದ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮುಖ ಸುಣ್ಣವಾಯಿತು. "ಮೊದ್ಲು ಓಡು, ಆ ಹಾಳೆ ಇಸ್ಕೊಂಡು ಬಾ. ಬೈಯೋದೆಲ್ಲ ಆಮೇಲೆ ಬೈತೀನಿ," ಎಂದರು.

ಮಿಸ್ ಆಟದ ಮೈದಾನ ದಾಟಿದ್ದೇ ಗೊತ್ತಿಲ್ಲ. ಕಾನ್ವೆಂಟಿನ ಕೊನೆಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ದೊಡ್ಡ ಸಿಸ್ಟರ್ ದಿಂಬಿಗೆ ಒರಗಿದ್ದರು. ಕಣ್ಣು ಮುಚ್ಚಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಹಾಳೆ ಎದೆಯ ಮೇಲಿತ್ತು. ಮೆಲ್ಲಗೆ ಕರೆದಳು, ಅಲುಗಾಡಲಿಲ್ಲ. ಇನ್ನೊಮ್ಮೆ ಕರೆದಳು. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಒಂದು ಪ್ರಾರ್ಥನೆಯೂ ನೆನಪಿಗೆ ಬರಲಿಲ್ಲ. ಮಂಚದ ಪಕ್ಕ ಕುಸಿದು ಕೂತು, "ದೇವ್ರೇ, ನಾನು ಬರೆದದ್ದನ್ನ ನಿಜ ಮಾಡ್ಬೇಡಪ್ಪಾ," ಎಂದು ಗಟ್ಟಿಯಾಗಿಯೇ ಅತ್ತಳು.

"ಮೆಲ್ಲಗೆ ಅಳೇ. ಸತ್ತೋರಿಗೆ ಎಚ್ಚರ ಆಗುತ್ತೆ."

ದೊಡ್ಡ ಸಿಸ್ಟರ್ ಒಂದೇ ಕಣ್ಣು ಬಿಟ್ಟಿದ್ದರು. ಮಿಸ್ ಅವರ ಕೈ ಹಿಡಿದುಕೊಂಡಳು, ಬೆಚ್ಚಗಿತ್ತು. ಅಬ್ಬಾ, ಎದೆಯ ಮೇಲಿನ ಚಪ್ಪಡಿ ಕಲ್ಲನ್ನು ಯಾರೋ ಎತ್ತಿ ಆಚೆಗಿಟ್ಟ ಹಾಗಾಯಿತು. ನಗುವೂ ಅಳುವೂ ಒಟ್ಟಿಗೇ ಬಂದು, ಮೂಗು ಸೋರಿ, ಒಂದನೇ ತರಗತಿಯವಳ ಅವತಾರವಾಯಿತು. ಸಿಸ್ಟರ್ ದಿಂಬಿನ ಕೆಳಗಿನಿಂದ ಕರವಸ್ತ್ರ ತೆಗೆದು ಕೊಟ್ಟರು. ಶಾಲೆ ಬಿಟ್ಟಾಗಿನಿಂದ ಕಾನ್ವೆಂಟಿನ ಫೋನಿಗೆ ಬಿಡುವೇ ಇಲ್ಲವೆಂದೂ, ಹಿಂದೆ ಲೈಬ್ರರಿಯ ಗಾಜು ಒಡೆದವನೊಬ್ಬ ಫೋನಿನಲ್ಲೇ ಗೊಳೋ ಎಂದು ಅತ್ತನೆಂದೂ ಹೇಳಿದರು. ಫೋನನ್ನು ಮಂಚಕ್ಕೇ ತರಿಸಿಕೊಂಡು ಅವನಿಗೆ ಸಮಾಧಾನ ಹೇಳಿದ್ದು ಸ್ವತಃ ಇವರೇ. ಅವನು ಇನ್ನೂ ನಂಬಿದ ಹಾಗಿಲ್ಲವಂತೆ.

"ಕಾಯಿಲೆ ಅಂತ ಅಷ್ಟು ವಾರ ಹಾಕಿದ್ಯಲ್ಲ, ಒಬ್ಬರಾದ್ರೂ ಬಂದ್ರಾ?" ಎಂದರು. "ಸತ್ತೆ ಅಂತ ಹಾಕಿದ್ದೇ ತಡ, ನಾಳೆ ಬೆಳಗ್ಗೆ ನೋಡೋಕೆ ಬರ್ತೀವಿ ಅಂತ ಸಾಲುಗಟ್ಟಿದ್ದಾರೆ. ನನ್ನ ಆ ಒಳ್ಳೇ ಶಾಲು ಇಸ್ತ್ರಿ ಮಾಡಿಸ್ಬೇಕು."

ಮಿಸ್ ಹಾಳೆಗಾಗಿ ಕೈ ಚಾಚಿದಳು. ಸಿಸ್ಟರ್ ಹಾಳೆಯನ್ನು ಅವಳ ಕೈಗಿಟ್ಟರು. ಪುಟದ ತುಂಬ ಕೆಂಪು. ಗೀಟುಗಳು ನಡುಗಿದ್ದವು, ಆದರೆ ಒಂದು ತಪ್ಪನ್ನೂ ಬಿಟ್ಟಿರಲಿಲ್ಲ. ಮಿಸ್ ಅದನ್ನು ಎದೆಗೆ ಒತ್ತಿಕೊಂಡು, ಮತ್ತೆ ಬಿಡಿಸಿ ಬೆಳಕಿಗೆ ಹಿಡಿದಳು. ಎಲ್ಲಕ್ಕಿಂತ ಕೆಳಗೆ, ಅಗಲಿದವರ ಸಾಲಿನಲ್ಲಿ ದೊಡ್ಡ ಸಿಸ್ಟರ್ ಹೆಸರಿನ ಸುತ್ತ ಒಂದು ದಪ್ಪ ಸೊನ್ನೆ. ಅಲ್ಲಿಂದ ಹೊರಟ ಕೆಂಪು ಬಾಣ ಪುಟದ ಅಂಚು ಹಿಡಿದು ಮೇಲೇರಿ, 'ಮುಂದಿನ ಕಾರ್ಯಕ್ರಮಗಳು' ಎಂಬಲ್ಲಿ, ಸೋಮವಾರದ ಹಲ್ಲಿನ ತಪಾಸಣೆ ಮತ್ತು ಡ್ರಿಲ್ ಮಾಸ್ತರರ ಬಿಳಿ ಶೂಗಳ ಕೆಳಗೆ ಹೋಗಿ ನಿಂತಿತ್ತು. ಬಾಣದ ತುದಿಯಲ್ಲಿ ಪುಟ್ಟ ಅಕ್ಷರಗಳಲ್ಲಿ ಬರೆದಿತ್ತು: 'ದಿನಾಂಕ ನಂತರ ತಿಳಿಸಲಾಗುವುದು.'