ಒಗೆಯುವ ಬಟ್ಟೆಯ ಗಾಡಿ

“ನಗು,” ಎಂದಳು ಅಕ್ಕ, ಹಲ್ಲು ಕಚ್ಚಿ. “ಎಲ್ಲರೂ ನಮ್ಮನ್ನೇ ನೋಡ್ತಿದ್ದಾರೆ.”

ತಮ್ಮ ನಕ್ಕ. ಒಗೆಯುವ ಬಟ್ಟೆಯ ಗಾಡಿಯನ್ನು ಇಬ್ಬರೂ ಹೋಟೆಲಿನ ಪಡಸಾಲೆಯ ನಡುವೆಯೇ ತಳ್ಳಬೇಕಾಗಿ ಬಂದಿತ್ತು. ಕೆಲಸದವರ ಲಿಫ್ಟು ಇವತ್ತೇ ಕೈಕೊಟ್ಟಿತ್ತು. ಹೋಟೆಲಿಗೆ ಇವತ್ತೇ ನೂರು ವರ್ಷ ತುಂಬಿತ್ತು. ಹಳೆಯ ಅತಿಥಿಗಳೆಲ್ಲ ಬಂದು ಮರದ ಮೆಟ್ಟಿಲು, ಬಣ್ಣದ ಗಾಜಿನ ಕಿಟಕಿಗಳನ್ನು ಮೊಮ್ಮಕ್ಕಳಿಗೆ ತೋರಿಸುತ್ತಿದ್ದರು. ಗಾಡಿಯಲ್ಲಿ ಏನಿದೆಯೆಂದು ಇವರಲ್ಲಿ ಒಬ್ಬರಿಗೆ ಗೊತ್ತಾದರೂ ಹಬ್ಬ ಮುಗಿದಂತೆ.

ಹೋಟೆಲು ಕಟ್ಟಿದ ಮುತ್ತಾತನದು ಒಂದೇ ಕಟ್ಟಳೆ. ಮುಂಬಾಗಿಲಲ್ಲಿ ನಗು; ಮನೆಯವರ ಜಗಳ, ಕಾಯಿಲೆ, ಕಣ್ಣೀರು ಎಲ್ಲ ಹಿಂಬಾಗಿಲಿಗೆ. ಸೊಸೆಯಾಗಿ ಬಂದ ಅಮ್ಮ ಅದನ್ನು ಮನೆಯಲ್ಲಿ ಹುಟ್ಟಿದವರಿಗಿಂತ ಗಟ್ಟಿಯಾಗಿ ಹಿಡಿದಿದ್ದಳು. ಜ್ವರವಿದ್ದರೂ ಬಾಗಿಲಲ್ಲಿ ನಿಂತು ಬಂದವರನ್ನು ಹೆಸರು ಹಿಡಿದು ಕರೆಯುತ್ತಿದ್ದಳು.

“ಅಮ್ಮನಿಗೆ ಇಂಥ ಕೆಲಸ ಮಾಡ್ತಿದ್ದೀವಲ್ಲೋ,” ಎಂದಳು ಅಕ್ಕ.

“ಸುಮ್ನಿರೇ. ಇದೊಂದು ದಿನ ಕಳೀಲಿ.”

ಪ್ರತಿವರ್ಷ ಬರುವ ಮೇಷ್ಟ್ರು ಅಡ್ಡ ನಿಂತರು. “ಧಣಿಗಳೇ ಗಾಡಿ ತಳ್ಳೋ ಕಾಲ ಬಂತಾ? ಎಲ್ಲಪ್ಪಾ ನಿಮ್ಮಮ್ಮ, ಬಾಗಿಲಲ್ಲಿ ಕಾಣಲೇ ಇಲ್ಲ?”

“ಈಗಷ್ಟೇ ಕೆಳಗೆ ಬಂದ್ರು ಸರ್. ಇಲ್ಲೇ ಇದ್ದಾರೆ.”

ಮೇಷ್ಟ್ರ ಕಣ್ಣು ಗೋಡೆಯ ಗಾಜಿನ ಬೀರುವಿನತ್ತ ಹೋಯಿತು. ಅದು ಖಾಲಿಯಿತ್ತು.

“ಬೆಳ್ಳಿ ಸಾಮಾನು?”

“ಉಜ್ಜೋಕೆ ತೆಗೆದಿದ್ದೀವಿ.”

ಮೇಷ್ಟ್ರು ಈಗ ಗಾಡಿಯನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಗಾಡಿಯ ಮೇಲಿನ ಚಾದರವನ್ನು ತಮ್ಮ ಇನ್ನಷ್ಟು ಎಳೆದು ಮುಚ್ಚಿದ.

ಹಿಂಬಾಗಿಲ ಹೊಸ್ತಿಲಿಗೆ ಚಕ್ರ ಸಿಕ್ಕಿಕೊಂಡಿತು. ಬೇಡ ಬೇಡವೆಂದರೂ ಮೇಷ್ಟ್ರು ಬಂದು ಕೈಹಾಕಿದರು.

“ಅಬ್ಬಾ, ಏನಯ್ಯಾ ಇದು! ಇಡೀ ಹೋಟೆಲನ್ನೇ ತುಂಬಿಕೊಂಡು ಹೊರಟಿದ್ದೀರಾ?”

“ಹೂಂ ಸರ್,” ಎಂದಳು ಅಕ್ಕ. ಅವಳ ನಗು ಅಲ್ಲಿಗೇ ನಿಂತಿತು.

ಮೇಷ್ಟ್ರಿಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದುಕೊಂಡರು. ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು: “ಚಿಕ್ಕಂದಿನಿಂದ ನಿಮ್ಮನ್ನ ನೋಡಿದೀನಿ. ಆ ತಾಯಿ ಮುಖ ನೋಡಿಯಾದ್ರೂ ಹೀಗೆ ಮಾಡಬಾರದಿತ್ತು.”

ಅವರು ಒಳಗೆ ಹೋದರು. ತಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಸದ್ಯ, ಕಳ್ಳರೆಂದಷ್ಟೇ ತಿಳಿದುಕೊಂಡರಲ್ಲ ಎಂದು ಒಂದು ಗಳಿಗೆ ನೆಮ್ಮದಿಯೂ ಆಯಿತು. ಆ ನೆಮ್ಮದಿಗೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ಓಣಿಯಲ್ಲಿ ವ್ಯಾನು ಬಾಗಿಲು ತೆರೆದು ಕಾಯುತ್ತಿತ್ತು. ಪಡಸಾಲೆಯಲ್ಲಿ ಯಾರೋ ಚಪ್ಪಾಳೆ ತಟ್ಟಿ, ಎಲ್ಲಿ, ಅಮ್ಮನನ್ನು ಕರೆಯಿರಿ ಎಂದು ಕೂಗಿದರು. ಅಕ್ಕ ಚಾದರಗಳನ್ನು ಒಂದೊಂದಾಗಿ ತೆಗೆದಳು.

ಬೆಳಗಿನ ಜಾವ ಉಸಿರು ನಿಲ್ಲಿಸಿದ್ದ ಅಮ್ಮನ ಕೂದಲು ಕೆದರಿತ್ತು. ಇಬ್ಬರೂ ಅದನ್ನು ಸರಿಮಾಡಿದರು.