ನೀರಿನ ಪಾಳಿ

ತನ್ನನ್ನು ತುಳಿದವರ ಸಪ್ಪಳವನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದು ಈಗ ಯಾರಿಗೂ ಸೋಜಿಗವಲ್ಲ. ಕಟಾವಾದ ಕಬ್ಬಿನ ಹೊಲಕ್ಕೆ ಸಲಾಕೆ ಚುಚ್ಚಿ ನೆಲದ ಬಿಗಿ ಅಳೆಯುವ ಇರ್ಫಾನನಿಗಂತೂ ಅದು ದಿನದ ಕೆಲಸ. ಗಾಡಿದಾರಿಯಲ್ಲಿ ಸಲಾಕೆಯೊಳಗೆ ಟ್ರ್ಯಾಕ್ಟರ್ ಗುಡುಗಿತು. ನಡುಹೊಲ ಮೆತ್ತಗಿತ್ತು, ಸದ್ದಿರಲಿಲ್ಲ. ನೀರು ತಿರುವುವ ಬದುವಿನಲ್ಲಿ ಮಾತ್ರ ಸಲಾಕೆ ಇಳಿಯಲೇ ಇಲ್ಲ. ಕುಂಟುಗಾಲಿನ ಹೆಜ್ಜೆ ಕೇಳಿಸಿತು.

“ನಮ್ಮ ಮನಿಯವರದು,” ಎಂದಳು ಹೊಲದೊಡತಿ ಚಂದ್ರವ್ವ. “ತೀರಿಕೊಂಡು ಮೂರ ವರ್ಷ ಆತು. ಅಲ್ಲಿ ನಾವ್ಯಾರೂ ಕಾಲಿಡಂಗಿಲ್ಲ.”

“ಹೋದ ವರ್ಷ ಇಲ್ಲಿ ಸಲಾಕಿ ಗೇಣುದ್ದ ಇಳಿದಿತ್ತರಿ ಅಕ್ಕಾರ. ಈಗ ಇನ್ನಾ ಬಿಗಿ ಆಗೇತಿ.”

ಚಂದ್ರವ್ವ ಬದುವಿನ ಕಡೆ ನೋಡಲಿಲ್ಲ. “ನಮ್ಮ ಪಾಳಿ ಬಂದ ದಿನ, ನಾ ಬರೂದ್ರೊಳಗ ಸಾಲಿಗೆ ನೀರು ತಿರುಗಿರತೈತಿ, ತಮ್ಮಾ. ಬೇಕಂತಲೇ ತಡಾ ಮಾಡಿ ಬರತೀನಿ. ನೋಡಿದ್ರ ಬರೂದು ಬಿಟ್ಟಾರು.”