ಅವ್ವ ತುಂಬಿದ ತೋಟೆ

ಅಣ್ಣ ತಮ್ಮಂದಿರ ನಡುವೆ ಬೇಲಿಯ ಜಗಳ ಶುರುವಾದ ಮೇಲೆ ಇಬ್ಬರೂ ಕೋವಿಯಿಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಇಬ್ಬರ ಕೋವಿಗೂ ತೋಟೆ ತುಂಬಿಕೊಡುವವಳು ಮಾತ್ರ ಅವ್ವ. ಗಂಡನಿದ್ದಾಗಿನಿಂದ ಖಾಲಿ ತೋಟೆಗೆ ಮದ್ದು, ಚರೆ ತುಂಬುವುದು ಅವಳದೇ ಕೆಲಸ.

“ಮನೇಲಿ ತುಂಬಿದ್ದು ಹೊತ್ತಿಗೆ ಕೈಕೊಡ್ತದೆ, ಕಂಪನಿ ತೋಟೆ ತಗೋ ಅಂತಾರೆ ಎಲ್ರೂ. ನಂಗೆ ನಿನ್ನ ಕೈ ಮೇಲೇ ನಂಬಿಕೆ,” ಎಂದ ಹಿರಿಯ ಮಗ, ತೋಟೆಗಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸುತ್ತ.

“ನಿನ್ನ ತಮ್ಮಂಗೂ ಅಷ್ಟೇ,” ಎಂದಳು ಅವ್ವ ಸೋತ ದನಿಯಲ್ಲಿ.

“ಎಲ್ಲಿ? ಅವ್ನು ನಿನ್ನೆ ಪೇಟೆಯಿಂದ ಕಂಪನಿ ತೋಟೆ ತಂದಾಯ್ತು.”

ಅವ್ವ ಅವನ ಸೊಂಟದ ಪಟ್ಟಿಯತ್ತ ಕೈಚಾಚಿದಳು.

“ಕೊಡಿಲ್ಲಿ, ಇನ್ನೊಂದ್ಸಲ ನೋಡ್ತೀನಿ.”

ಅಡುಗೆಮನೆಯ ಬಾಗಿಲು ಹಾಕಿಕೊಂಡು, ತೋಟೆಗಳಲ್ಲಿದ್ದ ಒಲೆಬೂದಿಯನ್ನೆಲ್ಲ ಸುರಿದು, ಜಗಳ ಶುರುವಾದ ಮೇಲೆ ಮೊದಲ ಸಲ ಅವಳು ಮದ್ದು ತುಂಬತೊಡಗಿದಳು.